ಎಸೆದ ಬುಟ್ಟಿ

ಪಾಸ್‌ವರ್ಡ್ ಹೋದದ್ದು ಲೋಹಿತಾಶ್ವನ ಜೊತೆ.
ಅವನು ಹೋದದ್ದು ಅರಸೀಕೆರೆಗೆ, ಇನ್ನೊಂದು ಕೆಲಸಕ್ಕೆ. ಜಗಳವೇನಿಲ್ಲ.
ಮರೆತುಹೋಗಿದೆ ಮೇಡಂ, ಅಂದ ಫೋನಿನಲ್ಲಿ,
ನಿಜವಾಗಿ ಮರೆತವನ ದನಿಯಲ್ಲೇ.

ಒಂದೇ ಪುಕ್ಕಟೆ ಮೇಲು, ಏಳು ಜನ, ಹನ್ನೊಂದು ವರ್ಷ.
ಅದರೊಳಗೆ ಜಲಂಧರದ ಬೀಜದ ವ್ಯಾಪಾರಿಯ ಕಾಗದ
ಹದಿನಾಲ್ಕು ದಿನ ಯಾರೂ ಓದದೆ ಕೂತಿತ್ತು.
ಲಾರಿ ಬಂದು ಗೇಟಿನಲ್ಲಿ ಹಾರನ್ ಹೊಡೆದಾಗಲೇ
ನಮಗೆ ಗೊತ್ತಾದದ್ದು ಆಲೂಗಡ್ಡೆ ಬಂತೆಂದು.
ಇಳಿಸುವವರಿಲ್ಲ, ಚೇಂಬರು ಖಾಲಿಯಿಲ್ಲ,
ಮೂಟೆಯೊಳಗೆ ಆಗಲೇ ಬೆವರು.

ಧರಣೇಂದ್ರಯ್ಯನವರು ಕರೆದರು. ನಮ್ಮದೇ ಒಂದು ಸರ್ವರ್ ಇಡಮ್ಮ,
ಕಂಪನಿ ಹೆಸರಲ್ಲಿ. ಯಾವ ಸಾಫ್ಟ್‌ವೇರ್ ಅಂತ ನೀನೇ ನೋಡು,
ಟ್ಯಾಲಿ ಬರುತ್ತಲ್ಲ ನಿನಗೆ.

ಟ್ಯಾಲಿಗೂ ಇದಕ್ಕೂ
ಎಮ್ಮೆ ಕರೆಯುವುದಕ್ಕೂ ಆನೆ ಪಳಗಿಸುವುದಕ್ಕೂ ಇರುವಷ್ಟು ನಂಟು,
ಎನ್ನಲಿಲ್ಲ.
ಹೂಂ ಸರ್, ಅಂದೆ.

ಹಾಸನದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕರೆಂಟು ಹೋಗಿ
ಕಂಪ್ರೆಸರ್ ನಿಂತಾಗ ಒಂದು ಮೌನ ಬರುತ್ತದೆ.
ಅದರಲ್ಲಿ ಕೂತು ಓದಿದೆ.
ಒಂದು ಪುಕ್ಕಟೆ: ಕಪ್ಪು ತೆರೆ, ಬಿಳಿ ಅಕ್ಷರ, ಗುಂಡಿಯೊಂದೂ ಇಲ್ಲ,
ಅಲ್ಪವಿರಾಮ ತಪ್ಪಿದರೆ ಅತ್ತೆಯ ಹಾಗೆ ಮುಖ ತಿರುಗಿಸುತ್ತದೆ.
ಇನ್ನೊಂದರಲ್ಲಿ ಎಲ್ಲವೂ ಇದೆ, ಕ್ಯಾಲೆಂಡರು, ಬಣ್ಣದ ಗುಂಡಿ,
ತಲೆಗಿಷ್ಟೆಂದು ವರ್ಷಕ್ಕೆ ದುಡ್ಡು.
(ವಾಚ್‌ಮನ್ ತಲೆಯೂ ಲೆಕ್ಕವಾ? ಯಜಮಾನರ ಪ್ರಶ್ನೆ.)
ಮೂರನೆಯದನ್ನು ಕಟ್ಟಿದವನು ಒಬ್ಬನೇ;
ಕೊನೆಗೆ ಮುಟ್ಟಿ ನಾಲ್ಕು ವರ್ಷವಾಯಿತಂತೆ. ಅದನ್ನು ಓದಿ
ಬಾಗಿಲು ಹಾಕಿದ ಅಂಗಡಿಯ ಮುಂದೆ ನಿಂತ ಹಾಗಾಯಿತು.

ಬಿಸಿಯಾಗುತ್ತಂತಲ್ಲ ಅದು, ನಾಲ್ಕನೇ ಚೇಂಬರಿನಲ್ಲಿಡು,
ಸದಾ ನಾಲ್ಕು ಡಿಗ್ರಿ, ಎಂದರು ಧರಣೇಂದ್ರಯ್ಯನವರು, ಗಂಭೀರವಾಗಿ.
ಅಲ್ಲಿ ಗೋಡೆಯೇ ಬೆವರುತ್ತದೆ ಸರ್.
ಅದಕ್ಕೂ ಮೊಳಕೆ ಬಂದೀತು.

ತೀರ್ಮಾನವಾದದ್ದು ಮಾತ್ರ ಕೆಳಗೆ, ಆರಿಸುವವರ ಷೆಡ್ಡಿನಲ್ಲಿ.
ಚಿಕ್ಕತಾಯಮ್ಮ ಮೂಗಿನಿಂದ ಆರಿಸುತ್ತಾಳೆ,
ಕೊಳೆತದ್ದು ಕಣ್ಣಿಗೆ ಬೀಳುವ ಮೊದಲೇ ಕೈ ಅಲ್ಲಿರುತ್ತದೆ.
ಅವಳಿಗೆ ಹೇಳಿದೆ: ಸುಳ್ಳು ಕಾಗದ ಬರ್ತವೆ,
ಲಾಟರಿ ಹೊಡೀತು ಅಂತ, ಬ್ಯಾಂಕ್ ಖಾತೆ ಮುಚ್ಚಿತು ಅಂತ.
ಇದು ತಾನೇ ಆರಿಸಿ ಎಸೆಯುತ್ತೆ.

ಕೈ ನಿಲ್ಲಿಸಲಿಲ್ಲ ಅವಳು.
ಒಳ್ಳೇದನ್ನ ಕೊಳ್ತದ್ದು ಅಂತ ಎಸೆದ್ರೆ?

ಸಂಜೆ, ಕೂಲಿ ಲೆಕ್ಕವೂ ಮುಗಿದ ಮೇಲೆ,
ಎಸೆದ ಬುಟ್ಟಿಯನ್ನು ಮತ್ತೊಮ್ಮೆ ನೆಲಕ್ಕೆ ಸುರಿದುಕೊಂಡಳು.
ದಿನಾ ಹೀಗೆಯೇ ಅಂತೆ, ನಾನು ನೋಡಿದ್ದು ಅವತ್ತೇ.
ಯಾರೂ ಹೇಳಿದ್ದಲ್ಲ, ಅದಕ್ಕೆ ಕೂಲಿಯೂ ಇಲ್ಲ.
ಬರೀ ಮಣ್ಣು ಮೆತ್ತಿ ಕಪ್ಪಾದವು, ಗುದ್ದಲಿ ಸವರಿದವು,
ಎರಡೋ ಮೂರೋ.
ಸೆರಗಲ್ಲಿ ಒರೆಸಿ ಮೂಟೆಗೆ ಹಾಕಿದಳು.

ಮೇಲೆ ಬಂದು ಒಂದೇ ಪ್ರಶ್ನೆ ಇಟ್ಟುಕೊಂಡು ಮತ್ತೆ ಓದಿದೆ:
ಎಸೆದದ್ದನ್ನು ತೋರಿಸುತ್ತೀಯಾ?
ಚಿಂತೆ ಬೇಡ, ನಾವೇ ಅಳಿಸುತ್ತೇವೆ, ಎಂದಿತು ಬಣ್ಣದ ಗುಂಡಿ.
ಮುಚ್ಚಿದ ಅಂಗಡಿಯಿಂದ ಉತ್ತರವಿಲ್ಲ.
ಕಪ್ಪು ತೆರೆಯದು ಬರೆಯಲು ಒಂದು ಸಾಲು ಕೊಟ್ಟಿತು,
ಬರೆದರೆ ಬೆಳಿಗ್ಗೆ ಆರಕ್ಕೆ ಪಟ್ಟಿ: ತಡೆದದ್ದು ಯಾರದನ್ನು, ಯಾಕೆ.

ಹನ್ನೆರಡು ದಿನ ಹಿಡಿಯಿತು ಅಲ್ಪವಿರಾಮಗಳಿಗೆ.
ಮೊದಲ ಕಾಗದ ನನ್ನ ಮೇಜಿನಿಂದ
ಆರಡಿ ದೂರದ ಗುಲ್ಜಾರ್ ಬಾನು ಅವರ ಮೇಜಿಗೆ:
ಬಂತಾ?
ಅವರು ಆವಕ ಪುಸ್ತಕ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ,
ಕ್ರಮಸಂಖ್ಯೆ ಒಂದು ಎಂದು ಬರೆದ ಮೇಲೆ
ಕೂಗಿ ಹೇಳಿದರು, ಬಂತು.

ತಿಂಗಳಾಗಿತ್ತು. ಪಟ್ಟಿಯಲ್ಲಿ ಮೂವತ್ತೊಂದು.
ಲಾಟರಿ, ಲಾಟರಿ, ಸಾಲ, ಸತ್ತ ರಾಜಕುಮಾರನ ಆಸ್ತಿ,
ಅವುಗಳ ನಡುವೆ ಒಂದು, ಪಾಸ್‌ವರ್ಡ್ ಎಂಬ ಮಾತಿದೆಯೆಂದು ತಡೆದದ್ದು.
ದುಪಟ್ಟಾದಿಂದ ತೆರೆ ಒರೆಸಿ ಓದಿದೆ:
ನೆನಪಾಯ್ತು ಮೇಡಂ. ಗೋದಾಮಿನ ಬೆಕ್ಕಿನ ಹೆಸರು,
ಆಮೇಲೆ ಒಂದು ಎರಡು ಮೂರು.
ಚಿಕ್ಕತಾಯಕ್ಕನಿಗೆ ಕೇಳಿದೆ ಅಂತ ಹೇಳಿ.