ಹದ್ದುಬಸ್ತು

ಮೇ ತಿಂಗಳ ಬಿಸಿಲಲ್ಲಿ ಇಟ್ಟಿದ್ದೆ,
ಬೋನಾಳ ಕೆರೆಯ ಅಂಚಿನ ನೆಲ ಬಿರಿದು ಬೋಕಿ ಬೋಕಿಯಾಗಿದ್ದಾಗ.
ಸ್ಟೀಲಿನ ಡಬ್ಬಿ, ಬಾಯಿಗೆ ಸೈಕಲ್ ಟ್ಯೂಬಿನ ಪಟ್ಟಿ,
ಒಳಗೆ ನೂರು ಪುಟದ ನೋಟ್‌ಬುಕ್ಕು, ಮೋಟು ಪೆನ್ಸಿಲ್ಲು,
ಹಳೆಯ ಸಾಹೇಬರು ಬಿಟ್ಟುಹೋದ ಹಿತ್ತಾಳೆಯ ತೂಗುಗುಂಡು.
ಹುಡುಕಿದವರು ಹೆಸರು ಬರೆಯಬೇಕು,
ಒಂದು ತೆಗೆದುಕೊಂಡರೆ ಒಂದು ಇಡಬೇಕು.
ಇಷ್ಟೇ ಆಟ.

ಜಿಯೋಕ್ಯಾಶಿಂಗ್ ಅಂದರೆ ಕಚೇರಿಯಲ್ಲಿ ನಕ್ಕರು:
"ದಿನಾ ಕಲ್ಲು ಹುಡುಕೋದು ಸಾಲವಲ್ದೇನ್ರಿ ಮಾಪಕರೇ,
ಐತವಾರ ಡಬ್ಬಿ ಬ್ಯಾರೆ?"
ನಗಲಿ.
ಹತ್ತೊಂಬತ್ತು ವರ್ಷ ಸರಪಳಿ ಎಳೆದವನು ನಾನು,
ಅಣ್ಣತಮ್ಮಂದಿರ ನಡುವಿನ ಅರ್ಧ ಗುಂಟೆಗೆ
ಬಾಂದುಕಲ್ಲು ನೆಟ್ಟು ಎರಡೂ ಕಡೆಯ ಬೈಗುಳ ತಿಂದವನು.
ಯಾರೂ ಜಗಳಾಡದ ಒಂದು ಬಿಂದು ಬೇಕಿತ್ತು.
ಡಿಗ್ರಿ ಹದಿನಾರು, ಮಿನಿಟು ಚಿಲ್ಲರೆ,
ದಶಾಂಶದ ಆಚೆ ಮೂರು ಮನೆ,
ಲಕ್ಕಿ ಗಿಡದ ಬುಡ.

ಶ್ರಾವಣ ಕಳೆದ ಮೇಲೆ ಶಹಾಪುರದ ಖಾಸಿಂಅಲಿ ಫೋನು ಮಾಡಿದ:
"ಎರಡು ಸಲ ಹೋದೆ. ಡಬ್ಬಿ ಇಲ್ಲ. ನಿಮ್ಮ ಅಳತೀನೇ ತಪ್ಪೈತಿ."
ನನ್ನ ಅಳತೆ!

ಕಾರ್ತಿಕದ ಒಂದು ಬೆಳಗು, ಪ್ಯಾಂಟು ಮಡಚಿ ಇಳಿದೆ.
ಮೊಣಕಾಲು ಮಟ್ಟ ನೀರು, ಎದೆ ಮಟ್ಟ ಆಪು.
ಫೋನು ಕಂಪಿಸಿತು: ನೀವು ತಲುಪಿದ್ದೀರಿ.
ಎಲ್ಲಿಗೆ?
ಲಕ್ಕಿಯ ತುದಿಯಷ್ಟೇ ಮೇಲೆ,
ಅದರ ಮೇಲೊಂದು ಕೊಡತಿಹುಳ ನನ್ನಷ್ಟೇ ಕಂಗಾಲು.
ನೀರುಕೋಳಿಯೊಂದು ನನ್ನನ್ನು ನೋಡಿ
ಹಾರುವಷ್ಟು ಮರ್ಯಾದೆಯನ್ನೂ ಕೊಡದೆ
ಪಕ್ಕಕ್ಕೆ ಸರಿಯಿತು.

"ಏನ್ ಹುಡುಕಲತ್ತೀರಿ?"
ದಂಡೆಯ ಮೇಲೆ ಒಬ್ಬಾಕೆ, ಉಡಿಯ ತುಂಬ ಹೊನಗೊನ್ನಿ ಸೊಪ್ಪು.
ಹಯ್ಯಾಳಮ್ಮ ಅಂತ ಆಮೇಲೆ ಗೊತ್ತಾಯಿತು.
"ಡಬ್ಬಿ."
"ಹಾಂ, ಅದಾ? ಮ್ಯಾಲ ಹೋಗ್ಯಾದ."
"ಹೋಗ್ಯಾದ ಅಂದ್ರ?"
"ನೀರು ಏರಿದಂಗ ನಾ ಸರಸ್ಕೋತ ಬಂದೀನ್ರಿ.
ಯಾರದೋ ಬುತ್ತಿ ತೊಯ್ದೀತು ಅಂತ.
ಆ ಜೇಕು ಮುಗೀತದಲ್ಲ, ಅಲ್ಲಿಂದ ಗರಗ.
ಗರಗ ದಾಟ್ರಿ. ತುಂಬಿ ಹೂವು ಬೆಳ್ಳಗ ಕಾಣಸ್ತದ.
ತುಂಬಿ ನಿಂತಲ್ಲಿ ನೀರು ನಿಂದ್ರಂಗಿಲ್ಲ.
ಅದಕ್ಕ ಕಾಲು ಒಣಗಿರಬೇಕು."

ಹೋದೆ. ಜೇಕಿನ ಚೂಪು ಮೀನಖಂಡ ಗೀರಿತು.
ಗರಗದ ತಂಪು. ಆಮೇಲೆ ಕಾಲಿಗೆ ಗಟ್ಟಿ ನೆಲ,
ಆಕೆ ಹೇಳಿದ ಗೆರೆಯ ಮೇಲೆಯೇ,
ಒಂದು ಗೇಣು ಅತ್ತಿತ್ತ ಇಲ್ಲ.
ಯಾರು ನೆಟ್ಟ ಬಾಂದು ಇವು?

ಡಬ್ಬಿ ತೆರೆದರೆ ಕೊನ್ನಾರಿ ಗಡ್ಡೆಯ ಘಮ.
ನೋಟ್‌ಬುಕ್ಕಿನಲ್ಲಿ ಮೂರೇ ಹೆಸರು.
ನಡುನಡುವೆ ಒತ್ತಿಟ್ಟ ಎಲೆಗಳು,
ಒಂದೊಂದು ಸಲ ಸರಿಸಿದಾಗ ಒಂದೊಂದು,
ಪಕ್ಕದಲ್ಲೇ ಸಿಕ್ಕ ಗಿಡದ್ದು.
ಒಂದೆಲಗ ಕಾಗದಕ್ಕೆ ಹಸಿರು ಬಿಟ್ಟಿತ್ತು,
ನೀರುಮುಳ್ಳಿ ಹಾಳೆ ತೂತು ಮಾಡಿತ್ತು.
ಐದು ತಿಂಗಳ ಕೆರೆ ತನ್ನ ರುಜು ಹಾಕಿದ ಹಾಗೆ.
ತೂಗುಗುಂಡು ಮಾತ್ರ ಇರಲಿಲ್ಲ.

"ಅದು ನನ್ನ ತಕ್ಕಡ್ಯಾಗದ," ಅಂದಳು, ನಾಚದೆ.
"ಸುರಪುರ ಸಂತ್ಯಾಗ ಸೊಪ್ಪು ತೂಗ್ತೀನಿ.
ಪಾವು ಕಿಲೋಕ ತುಸು ಹೆಚ್ಚೇ ಬರ್ತದ,
ತಗೊಳ್ಳೋರಿಗಿ ಲಾಭ.
ಬದ್ಲಿಗಿ ಗಡ್ಡಿ ಇಟ್ಟೀನಲ್ರಿ."
ಆಟದ ನಿಯಮ ಆಕೆಗೆ ಯಾರೂ ಹೇಳಿರಲಿಲ್ಲ.

ಹೊಸ ಅಂಕಿ ಹಾಕೋಣವೆಂದು ಫೋನು ತೆಗೆದೆ.
"ಬರ್ಕೋಬ್ಯಾಡ್ರಿ," ಅಂದಳು,
"ಮಾಗಿ ಕಳೀಲಿ, ನೀರು ಇಳೀತದ.
ಡಬ್ಬೀನೂ ಇಳೀತದ."
ಬೆರಳು ಪರದೆಯ ಮೇಲೆ ಹಾಗೇ ನಿಂತಿತು.
ಕೊನೆಗೆ ಸುಳಿವಿನ ಜಾಗದಲ್ಲಿ ಬರೆದೆ:
ಜೇಕು ಮುಗಿದಲ್ಲಿ ಕೇಳಿ.

ನಾಳೆ ಸೋಮವಾರ.
ತಿಂಥಣಿ ಕಡೆ ಒಂದು ಹೊಲ ಅಳತೆಗಿದೆ,
ದಾಯಾದಿಗಳು ಬೆಳಗಿನಿಂದಲೇ ಬಂದು ಕೂತಿರುತ್ತಾರೆ.
ಕಾಗದದಲ್ಲಿ ಚಕ್ಕುಬಂದಿ: ಪೂರ್ವಕ್ಕೆ ಹಳ್ಳ.
ಯಾವ ವರ್ಷದ ಹಳ್ಳ ಅಂತ
ಬರೆದಿಲ್ಲ.