ಬೂದು ಕಾಯಿ

ಪೆಟ್ಟಿಗೆಯ ಮುಚ್ಚಳಕ್ಕೆ ಬೆಟ್ಟ ಬರೆದವನು ನಾನು.
ನಕಾಶೆಯೂ ನನ್ನದೇ: ಅಯಾಕುಚೊ, ಅದರಾಚೆಯ ಇಳಿಜಾರು,
ನದಿಗೆ ನೀಲಿ, ಸೈನ್ಯಕ್ಕೆ ಹಸಿರು, ಬಂಡೆದ್ದವರಿಗೆ ಕೆಂಪು,
ಉಳಿದವರಿಗೆಲ್ಲ ಬೂದು.
ನಿಯಮ ಬರೆದವನು ನಿಲ್ಟನ್. ಲಿಮಾದಲ್ಲಿ ಇತಿಹಾಸದ ಮೇಷ್ಟ್ರು,
ದಾಳ ಎಸೆಯುವಾಗ ಮಾತ್ರ ಕೈ ನಡುಗದ ಮನುಷ್ಯ.

ಇದಕ್ಕೆ ಮೊದಲು ಎರಡು ಆಟ ಮಾಡಿದ್ದೆವು.
ಒಂದರಲ್ಲಿ ಸ್ಪೇನಿನ ಕುದುರೆಗಳು ಇಂಕಾ ಊರುಗಳನ್ನು ತುಳಿದವು.
ಇನ್ನೊಂದರಲ್ಲಿ ಸಿಡುಬನ್ನು ಚೀಟಿ ಮಾಡಿ ಹಂಚಿದೆವು,
ಕೈಗೆ ಬಂದವರು ಹಿರಿಹಿರಿ ಹಿಗ್ಗಿದರು.
ಒಬ್ಬರೂ ತಕರಾರು ತೆಗೆಯಲಿಲ್ಲ.
ಐನೂರು ವರ್ಷ ಒಣಗಿದ ಮೇಲೆ ರಕ್ತವೂ
ಒಂದು ಬಣ್ಣ. ಅಂಗಡಿಯಲ್ಲಿ ಡಬ್ಬಿಗೆ ಇಷ್ಟು ಎಂದು ಸಿಗುತ್ತದೆ.

ಈ ಸಲ ಜರ್ಮನಿಯ ಪ್ರಕಾಶಕರು ಪತ್ರ ಬರೆದರು.
ಆಟ ಸೊಗಸಾಗಿದೆ. ಹದಿನಾಲ್ಕನೆಯ ಚೀಟಿ ಮಾತ್ರ,
'ಸಂತೆಯಲ್ಲಿ ಬಾಂಬು', ತೆಗೆದರೆ ಒಳ್ಳೆಯದು.
ಇಲ್ಲವೇ ಹೆಸರು ಬದಲಿಸಿ. 'ಒತ್ತಡ' ಅನ್ನಬಹುದಲ್ಲ?
ಇಪ್ಪತ್ತೊಂದನೆಯದೂ ಹಾಗೆಯೇ: 'ವಿಚಾರಣೆ'
ಎಂದಷ್ಟೇ ಇರಲಿ, ಚಿತ್ರ ಬೇಡ.
ನಿಲ್ಟನ್ ಕುರ್ಚಿ ಒದ್ದ. ತೆಗೆದರೆ ಸುಳ್ಳಾಗುತ್ತದೆ, ಅಂದ.
ಇಟ್ಟರೆ? ಅಂದೆ.
ಇಟ್ಟರೆ ಆಟವಾಗುತ್ತದೆ, ಅಂದ.
ಆಮೇಲೆ ಕುರ್ಚಿಯನ್ನು ತಾನೇ ಎತ್ತಿ ನಿಲ್ಲಿಸಿದ.

ಹಾಗಾಗಿ ಬಸ್ಸು ಹತ್ತಿದೆವು. ರಾತ್ರಿಯಿಡೀ ತಿರುವು,
ನಿಲ್ಟನ್‌ಗೆ ವಾಂತಿ, ಪೆಟ್ಟಿಗೆ ನನ್ನ ತೊಡೆಯ ಮೇಲೆ.
ನೇಯುವ ಹೆಂಗಸರ ಸಂಘದ ಕೋಣೆ, ಮಗ್ಗದ ಪಕ್ಕ ಮೇಜು.
ಸಾತುರ್ನಿನಾ ಉವಾಮಾನಿ, ಎಪ್ಪತ್ತೆರಡು, ಹ್ಯಾಟು ತೆಗೆಯದೆ ಕೂತರು.
ಅವರು ಕೆಚುವಾದಲ್ಲಿ ಕೇಳುವುದು,
ಮೊಮ್ಮಗಳು ಯೆಸಿಕಾ ನಮಗೆ ಹೇಳುವುದು.

ನನ್ನ ಊರೆಲ್ಲಿ?
ನಾನೇ ಬರೆದ ನಕಾಶೆ. ನಾನೇ ಹುಡುಕಿದೆ.
ಅವರ ಊರಿರಬೇಕಾದಲ್ಲಿ
ಚೀಟಿಕಟ್ಟು ಇಡಲೆಂದು ಚೌಕ ಹಾಕಿದ್ದೆ.
ಯೆಸಿಕಾ ಕಟ್ಟನ್ನು ಎತ್ತಿ ಪಕ್ಕಕ್ಕಿಟ್ಟಳು.

ಬೂದು ಕಾಯಿ ಯಾರ ಕಡೆ?
ಯಾರ ಕಡೆಯೂ ಅಲ್ಲ, ನಿಲ್ಟನ್ ಹೇಳಿದ,
ಕೆಂಪಿನವನೂ ನಡೆಸಬಹುದು, ಹಸಿರಿನವನೂ.
ಹಾಗಾದರೆ ಸರಿಯಾಗಿ ಮಾಡಿದ್ದೀರಿ, ಅಂದರು.
ರಾತ್ರಿ ಬಂದವರು ಆಲೂಗಡ್ಡೆ ಕೇಳಿದರು.
ಬೆಳಿಗ್ಗೆ ಬಂದವರು ಯಾಕೆ ಕೊಟ್ಟಿರಿ ಅಂತ ಕೇಳಿದರು.
ಎರಡು ಸಲವೂ ನಾಯಿ ಬೊಗಳಿತು.
ಮೂರನೆಯ ಸಲಕ್ಕೆ ನಾಯಿ ಇರಲಿಲ್ಲ.

ಹದಿನಾಲ್ಕನೆಯ ಚೀಟಿ ತೋರಿಸಿದೆವು. ಇಪ್ಪತ್ತೊಂದನ್ನೂ.
ಕಣ್ಣಿಗೆ ಹತ್ತಿರ ಹಿಡಿದು ನೋಡಿದರು.
ಈ ಹೆಂಗಸಿನ ಶಾಲಿಗೆ ಬೆನ್ನಲ್ಲಿ ಗಂಟು ಹಾಕಿದ್ದೀರಿ,
ಗಂಟು ಎದೆಯ ಮುಂದೆ ಬರುತ್ತದೆ.
ಅಷ್ಟೇ.

ಆಟ ಸಾಗಿತು. ಒಂದು ಬೂದು ಕಾಯಿ ಸತ್ತಿತು.
ನಿಲ್ಟನ್ ಅದನ್ನು ಪೆಟ್ಟಿಗೆಗೆ ಹಾಕಿದ.
ಮಳೆಗಾಲದ ಸುತ್ತು ಬಂದಾಗ, ನಿಯಮದಂತೆ,
ಮತ್ತೆ ತೆಗೆದು ಹಲಗೆಗೆ ಇಡಹೋದ.
ಆಗ ಅವರು ಅವನ ಮುಂಗೈ ಹಿಡಿದರು.
ಇದು ಈಗ ಸತ್ತದ್ದಲ್ಲವೆ?

ಸತ್ತ ಕಾಯಿ ಹುಟ್ಟುತ್ತದೆ. ಆಟ ಅಂದರೆ ಅದೇ.
ಸುತ್ತಿ ಬಂದು ಮನೆ ಮುಟ್ಟಿದ ಕಾಯಿ ಹಣ್ಣು.
ಅವರ ತಮ್ಮ ತಿಯೋಫಿಲೊಗೆ ಹದಿನಾರು.
ಗರ ಹಾಕಿದ ಕೈ ಯಾವುದೆಂದು ಇವತ್ತಿಗೂ ಗೊತ್ತಿಲ್ಲ,
ಬೂಟು ಎರಡು ಕಡೆಯವರದೂ ಒಂದೇ ಥರ.

ಕಾಯಿಯನ್ನು ಸೆರಗಿನಂಥ ಶಾಲಿನ ತುದಿಗೆ ಕಟ್ಟಿಕೊಂಡರು,
ಚಿಲ್ಲರೆ ಕಟ್ಟಿಕೊಳ್ಳುವ ಹಾಗೆ.
ಆಡಿ, ಅಂದರು. ಒಂದು ಕಡಿಮೆ ಇಟ್ಟುಕೊಂಡು ಆಡಿ.

ಕೊನೆಗೆ ಲಿಮಾದಲ್ಲೇ ಅಚ್ಚು ಹಾಕಿಸಿದೆವು, ಸಾಲ ಮಾಡಿ.
ಎರಡೂ ಚೀಟಿ ಇವೆ. ಗಂಟು ಎದೆಯ ಮುಂದಿದೆ.
ಪುಸ್ತಕದಲ್ಲಿ ಬೂದು ಕಾಯಿ ಅರವತ್ತು,
ಪೆಟ್ಟಿಗೆಯಲ್ಲಿ ಐವತ್ತೊಂಬತ್ತು.
ಸರಿಯೋ ತಪ್ಪೋ, ಕೇಳಿದವರಿಗೆ ನಾನು
ಬಣ್ಣದವನು, ನನಗೇನು ಗೊತ್ತು, ಅನ್ನುತ್ತೇನೆ.

ಕಳೆದ ವಾರ ಅರೆಕಿಪಾದಿಂದ ಒಬ್ಬ ಹುಡುಗ ಫೋನು ಮಾಡಿದ:
ನಮ್ಮದರಲ್ಲಿ ಒಂದು ಕಾಯಿ ಇಲ್ಲ, ಕಳಿಸುತ್ತೀರಾ?
ನಿಲ್ಟನ್ ಬಹಳ ಹೊತ್ತು ಸುಮ್ಮನಿದ್ದ.
ಆಮೇಲೆ ವಿಳಾಸ ಕೇಳಿ ಬರೆದುಕೊಂಡ.
ಏನು ಕಳಿಸಿದನೋ, ನಾನು ಕೇಳಿಲ್ಲ.