ಔಷಧದ ಲೋಟ

ಮಾತ್ರೆ ಕೊಡುವ ಪ್ಲಾಸ್ಟಿಕ್ ಲೋಟ, ಹೆಬ್ಬೆರಳಿನಷ್ಟು.
ಮೂವತ್ತು ಎಂ.ಎಲ್. ಗೆರೆಯವರೆಗೆ ನೀರು.
ಅದನ್ನು ಹದಿನೈದು ನಿಮಿಷ ಕುಡಿಯುತ್ತೇನೆ
ಅನಾಟಮಿ ತರಗತಿಯ ಹಿಂದಿನ ಸಾಲಿನಲ್ಲಿ.
ಕಿಟಕಿಯಾಚೆ ಸಂಡರ್‌ಲ್ಯಾಂಡಿನ ಸೇತುವೆ
ಅರ್ಧ ಮಂಜಿನಲ್ಲಿ ಅಳಿಸಿಹೋಗಿದೆ.

ಪರದೆಯ ಮೇಲೆ ಜಠರ ಬಂತು,
ಬದನೆಕಾಯಿಯ ಹಾಗೆ ಒಂದು ಬದಿಗೆ ವಾಲಿಕೊಂಡು.
ಡರ್ಮಟ್ ಮೇಷ್ಟ್ರು ಕೆಂಪು ಚುಕ್ಕೆಯಿಂದ
ಮೇಲಿನ ಉಬ್ಬನ್ನು ಸುತ್ತಿ ತೋರಿಸಿದರು: ಇದು ಫಂಡಸ್,
ಹಸಿವಿನ ಹಾರ್ಮೋನು ಹೆಚ್ಚಾಗಿ ಇಲ್ಲೇ ಹುಟ್ಟುವುದು.
ನಲವತ್ತು ಜನ ಬರೆದುಕೊಂಡರು.
ನಾನು ಬರೆಯಲಿಲ್ಲ. ನನ್ನದು
ಮೂರು ವಾರದ ಹಿಂದೆ ಒಂದು ಡಬ್ಬಿಯಲ್ಲಿ
ಲೇಬಲ್ ಅಂಟಿಸಿಕೊಂಡು ಲ್ಯಾಬಿಗೆ ಹೋಯಿತು.
ಉಳಿದದ್ದು ಒಂದು ಬಾಳೆಹಣ್ಣಿನಷ್ಟು,
ಪಚ್ಚಬಾಳೆಯೂ ಅಲ್ಲ, ಏಲಕ್ಕಿ ಬಾಳೆ.

"ಊಟ ಆತಿಲ್ಲೋ?" ಅಕ್ಕ ಫೋನಿನಲ್ಲಿ.
ಹುಬ್ಬಳ್ಳಿಯಲ್ಲಿ ಅವಳದ್ದು ಖಾನಾವಳಿ.
ರೊಟ್ಟಿ ಬಡಿಯುವ ಸದ್ದಿನ ನಡುವೆ ಕೇಳುತ್ತಾಳೆ,
ಅವಳಿಗೆ ಅದು ನಮಸ್ಕಾರ ಅಷ್ಟೇ.
ನನಗೆ ಲೆಕ್ಕ:
ಬೆಳಿಗ್ಗೆ ಬೇಳೆಕಟ್ಟು ನಾಲ್ಕು ಚಮಚ,
ಹನ್ನೊಂದಕ್ಕೆ ಮೊಸರು ಮೂರು. ಮೂರನೆಯದು ಹೆಚ್ಚಾಯಿತು,
ಬಸ್ಸಿಳಿದು ಚರ್ಚಿನ ಗೋಡೆ ಹಿಡಿದು ನಿಂತೆ.
"ಆತು" ಅನ್ನುತ್ತೇನೆ.

ರಾತ್ರಿ ಕನ್ನಡಿಯ ಮುಂದೆ ಅಂಗಿ ಎತ್ತಿ
ಐದು ಗಾಯಗಳನ್ನೂ ಪರೀಕ್ಷೆಗೆ ಓದಿದಂತೆ ಓದುತ್ತೇನೆ:
ಒಣಗಿದೆ, ಅಂಚು ಕೂಡಿದೆ, ಕೀವಿಲ್ಲ,
ನೋವು ಹತ್ತಕ್ಕೆ ಎರಡು.
ಮೂರು.
ರೋಗಿ ಸುಳ್ಳು ಹೇಳಿದಳು ಎಂದು ಬರೆಯಲು
ನಕ್ಷೆಯಲ್ಲಿ ಕಾಲಂ ಇಲ್ಲ.

ಬಿ.ಪಿ. ನೋಡುವುದನ್ನು ಕಲಿಸಿದ ದಿನ
ನನ್ನ ತೋಳಿಗೆ ಪಟ್ಟಿ ಸಾಲದೆ
ಟ್ರೇಸಿ ಬೀರುವೆಲ್ಲ ಹುಡುಕಿ ದೊಡ್ಡದನ್ನು ತಂದಿದ್ದಳು.
ಯಾರೂ ನಗಲಿಲ್ಲ. ನಗದಿರಲು ಎಲ್ಲರೂ ಪಟ್ಟ ಕಷ್ಟ
ಇಂದಿಗೂ ನೆನಪಿದೆ.
ಆಮೇಲೆ ಲಿಫ್ಟಿನಲ್ಲಿ ಅವಳು ಸಾರಿ ಅಂದಳು, ಯಾತಕ್ಕೆಂದು ಹೇಳದೆ.
ಹೊಟ್ಟೆಗೆ ಹಾಕಿಕೊಂಡೆ ಎಂದು
ಇಂಗ್ಲಿಷಿನಲ್ಲಿ ಹೇಳುವುದು ಹೇಗೆ?
ಹಾಕಿಕೊಂಡೆ. ಆಗ ಜಾಗವಿತ್ತು.

ಮೂರನೇ ತಿಂಗಳಿಗೆ ಕೂದಲು ಉದುರತೊಡಗಿತು.
ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆಯಂತೆ,
ನನ್ನದು ಉಲ್ಟಾ: ಡಬ್ಬಿ ತುಂಬ ಪ್ರೋಟೀನ್ ಹಿಟ್ಟು,
ಜುಟ್ಟು ಬಚ್ಚಲಿನ ಜಾಲರಿಯಲ್ಲಿ.

ಈಗ ಪ್ಲೇಸ್‌ಮೆಂಟು, ವಯಸ್ಸಾದವರ ವಾರ್ಡು.
ಸಮವಸ್ತ್ರದ ಸೊಂಟಕ್ಕೆ ಎರಡು ಪಿನ್ನು,
ಒಳಗೆ ಇನ್ನೊಬ್ಬಳು ನಿಲ್ಲುವಷ್ಟು ಸಡಿಲ.
ಏಳನೇ ಹಾಸಿಗೆ ಎನಿಡ್ ಹಾರ್ಬಾಟಲ್ ಅವರದು.
ಹಡಗುಕಟ್ಟೆಯಲ್ಲಿ ಬೆಸುಗೆಯವರಿಗೆ
ಮೂವತ್ತು ವರ್ಷ ಚಹಾ ಮಾಡಿಕೊಟ್ಟವರು,
ಪಾರ್ಶ್ವವಾಯುವಿನ ನಂತರ ಬಾಯಿ ಬಿಗಿದಿದ್ದಾರೆ.
ನುಂಗಬಲ್ಲರು ಎಂದು ಪರೀಕ್ಷೆ ಹೇಳಿದೆ,
ಅವರು ಹೇಳಿಲ್ಲ.
"ಇನ್ನೊಂದೇ ಒಂದು, ಕಮಾನ್" ಎಂದು ಸಹಾಯಕ ಹುಡುಗ
ಚಮಚದ ತುಂಬಾ ಪುಡಿಂಗು ಹಿಡಿದು ನಿಂತಿದ್ದ.
ಆ ಕಣ್ಣು ನನಗೆ ಗೊತ್ತು.
ಗಂಟಲ ಕೆಳಗೆಲ್ಲೋ ಬಾಗಿಲು ಹಾಕಿಕೊಂಡದ್ದು
ಹೊರಗಿನವರಿಗೆ ಹಟದಂತೆ ಕಾಣುತ್ತದೆ.

ಅವನಿಂದ ಚಮಚ ಇಸಿದುಕೊಂಡು ಸ್ಟೂಲೆಳೆದು ಕೂತೆ.
ಚಮಚದ ತುದಿಗೆ, ಇರುವೆ ಹೊರುವಷ್ಟು.
ಆಮೇಲೆ ಇಪ್ಪತ್ತು ಎಣಿಸಿದೆ, ಕನ್ನಡದಲ್ಲಿ, ಗಟ್ಟಿಯಾಗಿ,
ನನಗೆ ನಾನು ಎಣಿಸಿಕೊಳ್ಳುವ ಹಾಗೆ.
ಮೂರನೇ ಸುತ್ತಿಗೆ ಹನ್ನೊಂದು, ಹನ್ನೆರಡು ಎನ್ನುವಾಗ
ಅವರ ಬಲಗೈ ಬೆರಳು ಹೊದಿಕೆಯ ಮೇಲೆ ತಟ್ಟಿತು.
ಮುಕ್ಕಾಲು ಗಂಟೆ ಹಿಡಿಯಿತು.
ಸಿಸ್ಟರು ಗಡಿಯಾರ ನೋಡಿದರು, ನನ್ನನ್ನು ನೋಡಿದರು,
ಏನೂ ಅನ್ನದೆ ಪರದೆ ಎಳೆದು ಹೋದರು.

ನಕ್ಷೆಯಲ್ಲಿ ಬರೆದೆ: ಸೇವನೆ, ನಲವತ್ತು ಎಂ.ಎಲ್.
ಬಿಡುವಿನಲ್ಲಿ ನನ್ನದು ಅರ್ಧ ಮೊಟ್ಟೆ,
ಅದರಲ್ಲೂ ಬಿಳಿ ಉಳಿಯಿತು.
ಎನಿಡ್ ಗೆದ್ದರು.

ಬಸ್‌ಸ್ಟಾಪಿನ ಗಾಳಿಯಲ್ಲಿ ಫೋನು ನಡುಗಿತು.
"ಊಟ ಆತಿಲ್ಲೋ?"
ಚೀಲದಲ್ಲಿ ಲೋಟ ತಡಕುತ್ತಾ ಅಂದೆ,
"ಇನ್ನೂ ನಡದೈತಿ, ಅಕ್ಕ."